ಚಟ್ನಿ ಪಾಕೀಟಿಗೆ ಬಾರ್‌ಕೋಡ್ ಬೇಕಂತೆ. ಎಲ್ಲಿಂದ ತರುವುದು, ಹೇಗೆ ಮುದ್ರಿಸುವುದು?

ರೊಟ್ಟಿಮನೆ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ವಿದ್ಯಾನಗರದ ಕಡೆ ನಾವು ಕೆಲವು ಹೆಣ್ಣುಮಕ್ಕಳು ಸೇರಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಮಾಡಿ ಮಾರುತ್ತೇವೆ. ಇಲ್ಲಿಯವರೆಗೆ ಪರಿಚಯದ ಕಿರಾಣಿ ಅಂಗಡಿ, ಮದುವೆ ಮನೆ, ಪುಣೆ-ಬೆಂಗಳೂರಿಗೆ ಕಟ್ಟಿಕೊಂಡು ಹೋಗುವವರು, ಇಷ್ಟೇ ನಮ್ಮ ಗಿರಾಕಿಗಳು. ಈಗ ಒಂದು ಸೂಪರ್‌ಮಾರ್ಕೆಟ್‌ನವರು ಮಾಲು ಇಡುತ್ತೇವೆ ಅಂದಿದ್ದಾರೆ. ಆದರೆ ಬಾರ್‌ಕೋಡ್ ಇಲ್ಲದ ಪಾಕೀಟು ಒಳಗೆ ಬಿಡುವುದಿಲ್ಲವಂತೆ.

ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮೊಬೈಲ್ ಆ್ಯಪ್‌ನಲ್ಲಿ ಎರಡು ನಿಮಿಷದ ಕೆಲಸ ಅಂತ ಒಬ್ಬರು. ದೆಹಲಿಗೆ ಅರ್ಜಿ ಹಾಕಬೇಕು ಅಂತ ಇನ್ನೊಬ್ಬರು. ಸರ್ಕಾರದ ಲೈಸೆನ್ಸ್ ಇದ್ದಂತೆ, ಇಲ್ಲದಿದ್ದರೆ ದಂಡ ಅಂತ ಮತ್ತೊಬ್ಬರು ಹೆದರಿಸಿದರು. ಎಫ್‌ಎಸ್‌ಎಸ್‌ಎಐ ನಂಬರ್, ಅಂದರೆ ಆಹಾರ ಮಾರಲು ಕೊಡುವ ಲೈಸೆನ್ಸ್ ನಂಬರ್, ನಮ್ಮ ಹತ್ತಿರ ಇದೆ. ಅದನ್ನೇ ಬಾರ್‌ಕೋಡ್ ಮಾಡಿಸಬಹುದಾ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಲೇಬಲ್_ಗೋಕುಲರೋಡ್, ಹುಬ್ಬಳ್ಳಿ

ಅಕ್ಕಾರೆ, ನಾನು ಸ್ಟಿಕ್ಕರ್ ರೋಲ್ ಮುದ್ರಿಸುವ ಕೆಲಸದಲ್ಲಿದ್ದೇನೆ. ನಿಮ್ಮಂತೆ ಕೇಳಿಕೊಂಡು ಬರುವವರು ದಿನಾ ಸಿಗುತ್ತಾರೆ. ಮೊದಲು ಹೆದರಿಕೆ ಬಿಡಿ. ಚಟ್ನಿ ಪಾಕೀಟಿಗೆ ಬಾರ್‌ಕೋಡ್ ಹಾಕಲೇಬೇಕು ಅಂತ ಕಾನೂನು ಇಲ್ಲ. ಕಾನೂನು ಕೇಳುವುದು ಎಂಆರ್‌ಪಿ, ನಿವ್ವಳ ತೂಕ, ತಯಾರಕರ ವಿಳಾಸ, ತಯಾರಿಸಿದ ತಿಂಗಳು-ವರ್ಷ, ಗ್ರಾಹಕರು ದೂರು ಕೊಡಲು ಫೋನ್ ನಂಬರ್, ಇಂಥವನ್ನು. ಅದು 2011ರ ಪೊಟ್ಟಣ ಸಾಮಗ್ರಿ ನಿಯಮ. ಬಾರ್‌ಕೋಡ್ ಕೇಳುವುದು ಅಂಗಡಿಯವರು, ಅವರ ಗಲ್ಲಾದ ಅನುಕೂಲಕ್ಕೆ.

ಎಫ್‌ಎಸ್‌ಎಸ್‌ಎಐ ನಂಬರ್ ಬೇರೆ, ಬಾರ್‌ಕೋಡ್ ಬೇರೆ. ಲೈಸೆನ್ಸ್ ನಂಬರ್ ನಿಮ್ಮ ಅಡುಗೆಮನೆಯದು, 14 ಅಂಕಿ. ನಾಲ್ಕೂ ಮಾಲಿಗೆ ಅದೊಂದೇ. ಬಾರ್‌ಕೋಡ್ ನಂಬರ್ ಪಾಕೀಟಿನದು. ಶೇಂಗಾ ಚಟ್ನಿ 100 ಗ್ರಾಂಗೆ ಒಂದು, 250 ಗ್ರಾಂಗೆ ಇನ್ನೊಂದು, ಗುರೆಳ್ಳಿಗೆ ಮತ್ತೊಂದು. ಜಿಎಸ್‌ಟಿಯ ಎಚ್‌ಎಸ್‌ಎನ್ ಕೋಡ್ ತಂದು ಇದನ್ನೇ ಗೆರೆ ಮಾಡಿಕೊಡಿ ಅನ್ನುವವರೂ ಇದ್ದಾರೆ. ಅದೂ ಆಗುವುದಿಲ್ಲ. ಅದು ತೆರಿಗೆಗಾಗಿ ಮಾಲಿನ ಜಾತಿ ಹೇಳುವ ನಂಬರ್.

ಇನ್ನು ನೀವು ನಿಮಗೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಈ ಪಾಕೀಟು ಯಾರ ಗಲ್ಲಾದಲ್ಲಿ ಸ್ಕ್ಯಾನ್ ಆಗುತ್ತದೆ? ನಿಮ್ಮದೇ ಅಂಗಡಿಯಲ್ಲಿ ಮಾತ್ರ ಅಂದರೆ ನಂಬರ್ ನೀವೇ ಹಾಕಿಕೊಳ್ಳಿ, ಒಂದು ಪೈಸೆ ಖರ್ಚಿಲ್ಲ. ಬೇರೆಯವರ ಗಲ್ಲಾದಲ್ಲಿ ಅಂದರೆ ಆ ನಂಬರ್ ಜಗತ್ತಿನಲ್ಲಿ ಇನ್ಯಾವ ಮಾಲಿನ ಮೇಲೂ ಇರಬಾರದು. ಅದಕ್ಕೆ ಜಿಎಸ್1 ಇಂಡಿಯಾ ಅಂತ ಸಂಸ್ಥೆ ಇದೆ. 1996ರಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಮತ್ತು ಉದ್ಯಮ ಸಂಘಗಳು ಸೇರಿ ಕಟ್ಟಿದ್ದು, ಕಚೇರಿ ದೆಹಲಿಯಲ್ಲಿ. ಅರ್ಜಿ ಆನ್‌ಲೈನ್‌ನಲ್ಲೇ ಆಗುತ್ತದೆ, ರೈಲು ಹತ್ತುವ ಕೆಲಸ ಇಲ್ಲ.

ಸುಮ್ನೆ_ಓದುವವ

ಮೊಬೈಲ್ ಆ್ಯಪ್‌ನಲ್ಲಿ ಮಾಡಿದರೆ ಏನು ತಪ್ಪು? ಗೆರೆ ಗೆರೆಯೇ ಅಲ್ವಾ? ನಾನೂ ಮಾಡಿ ನೋಡಿದೆ, ಸ್ಕ್ಯಾನ್ ಆಯಿತು.

ಲೇಬಲ್_ಗೋಕುಲರೋಡ್, ಹುಬ್ಬಳ್ಳಿ

ಸ್ಕ್ಯಾನ್ ಆಗಿಯೇ ಆಗುತ್ತದೆ. ಆ್ಯಪ್ ಮಾಡುವುದು ಚಿತ್ರ. ಚಿತ್ರ ಪುಕ್ಕಟೆ. ಬೆಲೆ ಇರುವುದು ನಂಬರಿಗೆ. ಬಾರ್‌ಕೋಡ್ ಒಳಗೆ ದರವೂ ಇಲ್ಲ, ಹೆಸರೂ ಇಲ್ಲ, ಬರೀ 13 ಅಂಕಿ. ಅಂಗಡಿಯ ಕಂಪ್ಯೂಟರ್ ಆ ಅಂಕಿ ಹಿಡಿದು ತನ್ನ ಪಟ್ಟಿಯಲ್ಲಿ ಹುಡುಕುತ್ತದೆ. ನೀವು ಸುಮ್ನೆ ಟೈಪ್ ಮಾಡಿದ ನಂಬರ್ ಆಗಲೇ ಯಾವುದೋ ಕಂಪನಿಯ ಸೋಪಿನದ್ದಾಗಿದ್ದರೆ, ಚಟ್ನಿ ಇಟ್ಟರೆ ಬಿಲ್ಲಿನಲ್ಲಿ ಸೋಪು ಬರುತ್ತದೆ.

ಬಿಲ್ಲಿಂಗ್_ಹುಡುಗ, ಧಾರವಾಡ

ಲೇಬಲ್ ಅಣ್ಣಾರು ಹೇಳಿದ್ದು ಸರಿ. ನಂಬರ್ ಒಳಗೆ ಏನಿದೆ ಅಂತ ಸ್ವಲ್ಪ ಹೇಳುತ್ತೇನೆ, ಆಗ ಎಲ್ಲ ಬೇಗ ತಿಳಿಯುತ್ತದೆ.

ನಮ್ಮ ಅಂಗಡಿಗಳಲ್ಲಿ ಕಾಣುವ 13 ಅಂಕಿಯ ಬಾರ್‌ಕೋಡ್ ಹೆಸರು ಇಎಎನ್-13. ಮೊದಲ 890 ಜಿಎಸ್1 ಇಂಡಿಯಾದ್ದು. ಅದರ ಮುಂದಿನ ಕೆಲವು ಅಂಕಿ ನಿಮ್ಮ ಸಂಸ್ಥೆಗೆ ಅವರು ಕೊಡುವುದು. ಆಮೇಲೆ ನಿಮ್ಮ ಮಾಲಿನ ಅಂಕಿ, ಅದನ್ನು ಕೊಡುವವರು ನೀವೇ. ಕೊನೆಯದು ತಾಳೆ ಅಂಕಿ, ಉಳಿದ ಅಂಕಿ ಸರಿಯಾಗಿ ಓದಿದೆಯಾ ಅಂತ ಸ್ಕ್ಯಾನರ್ ತಾಳೆ ನೋಡುವುದು ಅದರಿಂದ. 100 ನಂಬರ್ ತೆಗೆದುಕೊಂಡರೆ 00ರಿಂದ 99ರ ತನಕ ನಿಮ್ಮ ಕೈಯಲ್ಲಿ. ಶುಲ್ಕ ನಿಂತಿರುವುದು ನಿಮ್ಮ ವರ್ಷದ ವಹಿವಾಟು ಮತ್ತು ಎಷ್ಟು ನಂಬರ್ ಬೇಕು ಅನ್ನುವುದರ ಮೇಲೆ. ಒಂದು ಸಲ ಕೊಟ್ಟರೆ ಮುಗಿಯಲಿಲ್ಲ, ನವೀಕರಣವೂ ಇದೆ. ಲೆಕ್ಕ ಹಾಕುವಾಗ ಅದನ್ನೂ ಸೇರಿಸಿಕೊಳ್ಳಿ. ಉದ್ಯಮ್ ನೋಂದಣಿ ಇದ್ದರೆ ಎಂಎಸ್‌ಎಂಇ, ಅಂದರೆ ಸಣ್ಣ ಉದ್ದಿಮೆಗಳ ಯೋಜನೆಯಲ್ಲಿ ಒಂದು ಭಾಗ ವಾಪಸ್ ಸಿಗುತ್ತದಾ ಅಂತ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿ, ನಾಚಿಕೆ ಬೇಡ.

ತಾಳೆ ಅಂಕಿ ಲೆಕ್ಕ ಕೈಯಲ್ಲೇ ಮಾಡಬಹುದು. 890123456789 ಅಂತ 12 ಅಂಕಿ ಇಟ್ಟುಕೊಳ್ಳಿ. ಎಡದಿಂದ ಒಂದು ಬಿಟ್ಟು ಒಂದು ಕೂಡಿ: 8+0+2+4+6+8 ಅಂದರೆ 28. ಉಳಿದವು 9+1+3+5+7+9 ಅಂದರೆ 34, ಅದರ ಮೂರು ಪಟ್ಟು 102. ಒಟ್ಟು 130. ಮುಂದಿನ ಹತ್ತರ ಗುಣಕಕ್ಕೆ ಎಷ್ಟು ಕಡಿಮೆ ಇದೆಯೋ ಅದೇ ತಾಳೆ ಅಂಕಿ. ಇಲ್ಲಿ ಏನೂ ಕಡಿಮೆ ಇಲ್ಲ, ಹಾಗಾಗಿ 0. ಪೂರ್ತಿ ನಂಬರ್ 8901234567890. ಇದು ಬರೀ ಉದಾಹರಣೆ, ಯಾರೂ ಪಾಕೀಟಿನ ಮೇಲೆ ಹಾಕಬೇಡಿ ಮಾರಾಯರೆ!

ಸುಮ್ನೆ_ಓದುವವ

890 ಇದ್ದರೆ ಸ್ವದೇಶಿ ಮಾಲು, ಬೇರೆ ಇದ್ದರೆ ಕೊಳ್ಳಬೇಡಿ ಅಂತ ವಾಟ್ಸಾಪಿನಲ್ಲಿ ಬರುತ್ತಲೇ ಇರುತ್ತದಲ್ಲ?

ಬಿಲ್ಲಿಂಗ್_ಹುಡುಗ, ಧಾರವಾಡ

ಅದು ಸುಳ್ಳು. 890 ಅಂದರೆ ನಂಬರ್ ಕೊಟ್ಟದ್ದು ಜಿಎಸ್1 ಇಂಡಿಯಾ ಅಂತ, ಅಷ್ಟೇ. ಇಲ್ಲಿ ನೋಂದಾಯಿಸಿದ ಕಂಪನಿ ಮಾಲನ್ನು ಹೊರದೇಶದಲ್ಲಿ ಮಾಡಿಸಿ ತಂದರೂ 890 ಇರುತ್ತದೆ. ನಮ್ಮ ಹುಬ್ಬಳ್ಳಿಯ ತಾರಿಹಾಳದಲ್ಲೇ ತಯಾರಾದದ್ದು ಹೊರದೇಶದ ಬ್ರಾಂಡಿನದಾಗಿದ್ದರೆ ಬೇರೆ ನಂಬರ್ ಇರಬಹುದು.

ಕಡಿಮೆ_ರೊಕ್ಕ, ಗದಗ

ಆನ್‌ಲೈನ್‌ನಲ್ಲಿ ಕೆಲವೇ ನೂರು ರೂಪಾಯಿಗೆ ಇಎಎನ್ ನಂಬರ್ ಮಾರುತ್ತಾರೆ. ಒಮ್ಮೆ ಕೊಟ್ಟರೆ ಆಯಿತು, ನವೀಕರಣ ಇಲ್ಲ. ಸಣ್ಣ ಮಂದಿ ಯಾಕೆ ದೊಡ್ಡ ಶುಲ್ಕ ಕಟ್ಟಬೇಕು? ನನ್ನ ಮಾವನವರ ಮಗನ ಹತ್ತಿರ ಬೇಕಾದಷ್ಟು ನಂಬರ್ ಖಾಲಿ ಇವೆ, ಅಕ್ಕಾರು ಕೇಳಿದರೆ ಎರಡು ಕೊಡಿಸುತ್ತೇನೆ.

ಲೇಬಲ್_ಗೋಕುಲರೋಡ್, ಹುಬ್ಬಳ್ಳಿ

ನಿಮ್ಮ ಮನಸ್ಸು ಒಳ್ಳೆಯದು, ಆದರೆ ಆ ದಾರಿ ಬೇಡ. ನಂಬರ್ ಯಾವ ಸಂಸ್ಥೆಗೆ ಕೊಟ್ಟಿದ್ದಾರೋ ದಾಖಲೆಯಲ್ಲಿ ಅವರ ಹೆಸರೇ ಬರುತ್ತದೆ. ದೊಡ್ಡ ಅಂಗಡಿಯವರು, ಆನ್‌ಲೈನ್ ಮಾರುಕಟ್ಟೆಯವರು ಆ ದಾಖಲೆ ನೋಡುತ್ತಾರೆ. ಪಾಕೀಟಿನ ಮೇಲೆ ರೊಟ್ಟಿಮನೆ, ದಾಖಲೆಯಲ್ಲಿ ನಿಮ್ಮ ಮಾವನವರ ಮಗನ ಪೈಪ್ ಅಂಗಡಿ. ಆಗ ಮಾಲು ವಾಪಸ್. ಮುದ್ರಿಸಿದ ಪೌಚ್ ರದ್ದಿಗೆ. ಉಳಿಸಿದ ರೊಕ್ಕಕ್ಕಿಂತ ಪೌಚಿನ ರೊಕ್ಕ ಜಾಸ್ತಿ.

ಒಂದು ಮಾತು ನಿಜ. ಮಾರುವುದು ಎರಡು ಕಿರಾಣಿ ಅಂಗಡಿಗೆ ಮಾತ್ರ ಇದ್ದರೆ ಈ ಶುಲ್ಕ ಕಟ್ಟುವುದು ದಂಡ. ಆನ್‌ಲೈನ್ ಒಂದಕ್ಕೇ ಆದರೆ ಅಮೆಜಾನ್‌ನಂಥವರಲ್ಲಿ ಬಾರ್‌ಕೋಡ್ ವಿನಾಯಿತಿಗೆ ಅರ್ಜಿ ಹಾಕುವ ಅವಕಾಶವೂ ಇದೆ. ಅಕ್ಕಾರ ವಿಷಯ ಬೇರೆ. ಅವರಿಗೆ ಸೂಪರ್‌ಮಾರ್ಕೆಟ್ ಬಾಗಿಲು ತೆರೆದಿದೆ.

ರೊಟ್ಟಿಮನೆ, ಹುಬ್ಬಳ್ಳಿ

ಇಷ್ಟು ತಿಳಿಯಿತು. ಹಾಗಾದರೆ ದರ ಹೆಚ್ಚಿಸಿದಾಗಲೆಲ್ಲ ಹೊಸ ನಂಬರ್ ಬೇಕಾ? ಶೇಂಗಾ ದರ ನಿಂತಲ್ಲಿ ನಿಲ್ಲುವುದಿಲ್ಲ.

ಬಿಲ್ಲಿಂಗ್_ಹುಡುಗ, ಧಾರವಾಡ

ಬೇಡ ಅಕ್ಕಾ. ದರ ಬದಲಾದರೆ ಅಂಗಡಿಯವರು ಕಂಪ್ಯೂಟರಿನಲ್ಲಿ ಬದಲಿಸಿಕೊಳ್ಳುತ್ತಾರೆ. ಆದರೆ ತೂಕ ಬದಲಾದರೆ ಹೊಸ ನಂಬರ್ ಬೇಕೇ ಬೇಕು. 200 ಗ್ರಾಂ ಇದ್ದದ್ದನ್ನು 180 ಮಾಡಿ ಹಳೇ ನಂಬರಿನಲ್ಲೇ ಬಿಡುವ ಹಾಗಿಲ್ಲ. 10 ರೊಟ್ಟಿಯ ಕಟ್ಟು ಬೇರೆ, 20ರ ಕಟ್ಟು ಬೇರೆ. ಮೂರು ಚಟ್ನಿ ಸೇರಿಸಿ ದಸರಾ ಪ್ಯಾಕ್ ಮಾಡಿದರೆ ಅದಕ್ಕೂ ಒಂದು. ನಿಂತುಹೋದ ಮಾಲಿನ ನಂಬರನ್ನು ಇನ್ನೊಂದಕ್ಕೆ ಕೊಡಬೇಡಿ. ಮೊದಲು ಕೆಲವು ವರ್ಷ ಬಿಟ್ಟು ಮತ್ತೆ ಬಳಸಲು ಅವಕಾಶ ಇತ್ತು, 2019ರಿಂದ ಅದೂ ಇಲ್ಲ.

ಇನ್ನೊಂದು. ಯಾವ ನಂಬರ್ ಯಾವುದಕ್ಕೆ ಅಂತ ಎಕ್ಸೆಲ್‌ನಲ್ಲಿ ಬರೆದಿಡುವಾಗ ಆ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿಕೊಳ್ಳಿ. ಇಲ್ಲವಾದರೆ 13 ಅಂಕಿ ಹೋಗಿ 8.9ಇ+12 ಅಂತ ಕಾಣುತ್ತದೆ. ಆ ಫೈಲನ್ನು ಸಿಎಸ್‌ವಿ ಮಾಡಿ ಉಳಿಸಿದರೆ ಒಳಗಿನ ಅಂಕಿಯೇ ಕಳೆದುಹೋಗುತ್ತದೆ. ಸೊನ್ನೆಯಿಂದ ಶುರುವಾಗುವ ನಂಬರ್ ಆದರೆ ಆ ಸೊನ್ನೆಯೂ ಮಾಯ. ಬಿಲ್ಲಿಂಗ್ ರಿಪೇರಿಗೆ ಕರೆಸುವವರಲ್ಲಿ ಅರ್ಧಕ್ಕರ್ಧ ಇದೇ ಗೋಳು.

ಪೇಡಾ_ಲೈನ್‌ಬಜಾರ್, ಧಾರವಾಡ

ನನ್ನದು ಬೇರೆ ಪ್ರಶ್ನೆ, ಇಲ್ಲೇ ಕೇಳುತ್ತೇನೆ. ನಮ್ಮಲ್ಲಿ ಪೇಡಾ, ಫರಾಳ ಎಲ್ಲ ತೂಕದ ಮೇಲೆ. ಗಿರಾಕಿ ಕಾಲು ಕೆಜಿ ಅಂದರೂ ತಕ್ಕಡಿಯಲ್ಲಿ 258 ಗ್ರಾಂ ಬರುತ್ತದೆ. ಇದಕ್ಕೆ ಬಾರ್‌ಕೋಡ್ ಹೇಗೆ?

ಬಿಲ್ಲಿಂಗ್_ಹುಡುಗ, ಧಾರವಾಡ

ಸ್ಟಿಕ್ಕರ್ ಮುದ್ರಿಸುವ ತಕ್ಕಡಿ ಬರುತ್ತದೆ. 20ರಿಂದ 29ರ ತನಕ ಶುರುವಾಗುವ 13 ಅಂಕಿ ನಂಬರುಗಳನ್ನು ಅಂಗಡಿಯ ಒಳಬಳಕೆಗೇ ಬಿಟ್ಟಿದ್ದಾರೆ. ಹೊರಗಿನ ಯಾವ ಪಾಕೀಟಿಗೂ ಅವು ಡಿಕ್ಕಿ ಹೊಡೆಯುವುದಿಲ್ಲ. ಉದಾಹರಣೆಗೆ 21, ಆಮೇಲೆ ಮಾಲಿನ ಐದು ಅಂಕಿ, ಆಮೇಲೆ ಗ್ರಾಂ ಐದು ಅಂಕಿ, ಕೊನೆಗೆ ತಾಳೆ ಅಂಕಿ. ಪೇಡಾ 00045, ತೂಕ 250 ಗ್ರಾಂ ಆದರೆ 2100045002507. ಬಿಲ್ಲಿಂಗ್ ಸಾಫ್ಟ್‌ವೇರಿಗೆ ಇದನ್ನು ಹೀಗೆ ಒಡೆದು ಓದು ಅಂತ ಒಮ್ಮೆ ಹೇಳಿಡಬೇಕು. ತಕ್ಕಡಿ ಕೊಳ್ಳುವ ಮೊದಲೇ ಸಾಫ್ಟ್‌ವೇರಿನವರನ್ನು ಕೇಳಿ, ಎಲ್ಲದರಲ್ಲೂ ಈ ಸೌಲಭ್ಯ ಇರುವುದಿಲ್ಲ.

ಬ್ಯಾಡಗಿ_ಕೆಂಪು, ಹಾವೇರಿ ಜಿಲ್ಲೆ

ನಮ್ಮದು ಮೆಣಸಿನ ಪುಡಿ. ಪೌಚ್ ಪೂರ್ತಿ ಕೆಂಪು, ಅದು ಇಲ್ಲದಿದ್ದರೆ ಬ್ಯಾಡಗಿ ಮೆಣಸಿನಕಾಯಿ ಅಂತ ಯಾರು ನಂಬುತ್ತಾರೆ? ಡಿಸೈನ್ ಮಾಡುವ ಹುಡುಗ ಬಾರ್‌ಕೋಡನ್ನೂ ಬಿಳಿ ಚೌಕದ ಮೇಲೆ ಕೆಂಪು ಗೆರೆಯಲ್ಲಿ ಚೆಂದ ಮಾಡಿಕೊಟ್ಟಿದ್ದಾನೆ. ಇನ್ನೂ ಅಚ್ಚಿಗೆ ಕೊಟ್ಟಿಲ್ಲ. ಕೊಡಬಹುದಾ?

ಲೇಬಲ್_ಗೋಕುಲರೋಡ್, ಹುಬ್ಬಳ್ಳಿ

ನಿಲ್ಲಿಸಿ! ಕೊಡಬೇಡಿ.

ಅಂಗಡಿಯ ಹೆಚ್ಚಿನ ಸ್ಕ್ಯಾನರಿನ ಬೆಳಕು ಕೆಂಪು. ಕೆಂಪು ಬೆಳಕಿಗೆ ಕೆಂಪು ಗೆರೆ ಬಿಳಿಯಂತೆ ಕಾಣುತ್ತದೆ. ಬಿಳಿ ಮೇಲೆ ಬಿಳಿ, ಓದಲು ಏನೂ ಉಳಿಯುವುದಿಲ್ಲ. ಕಿತ್ತಳೆ, ಹಳದಿ ಗೆರೆಗಳದ್ದೂ ಇದೇ ಕಥೆ. ಗೆರೆ ಕಪ್ಪು ಇರಲಿ. ಕಪ್ಪೇ ಬೇಡ ಅಂದರೆ ಗಾಢ ನೀಲಿ ಅಥವಾ ಗಾಢ ಹಸಿರು ನಡೆಯುತ್ತದೆ. ಹಿನ್ನೆಲೆ ಬಿಳಿ ಇದ್ದರೆ ಎಲ್ಲಕ್ಕಿಂತ ಒಳ್ಳೆಯದು. ತಮಾಷೆ ಅಂದರೆ ನಿಮ್ಮ ಕೆಂಪು ಪೌಚಿನ ಮೇಲೆ ನೇರ ಕಪ್ಪು ಗೆರೆ ಹಾಕಿದರೂ ಕೆಂಪು ಬೆಳಕಿನ ಸ್ಕ್ಯಾನರ್ ಓದುತ್ತದೆ. ಆದರೂ ಬಿಳಿ ಚೌಕವೇ ಇರಲಿ, ಯಾಕೆಂದರೆ ಈಗ ಬಿಳಿ ಬೆಳಕಿನ ಕ್ಯಾಮೆರಾ ಸ್ಕ್ಯಾನರುಗಳೂ ಇವೆ.

ಪಾರದರ್ಶಕ ಪೌಚ್ ಬಳಸುವವರಿಗೂ ಒಂದು ಮಾತು. ಗೆರೆಗಳ ಹಿಂದೆ ಬಿಳಿ ಬಣ್ಣ ಹೊಡೆಸಲೇಬೇಕು. ಇಲ್ಲವಾದರೆ ಗೆರೆ ಮಧ್ಯೆ ಗುರೆಳ್ಳು ಚಟ್ನಿಯೇ ಇಣುಕುತ್ತದೆ, ಕಪ್ಪಿಗೆ ಕಪ್ಪು.

ಬ್ಯಾಡಗಿ_ಕೆಂಪು, ಹಾವೇರಿ ಜಿಲ್ಲೆ

ಉಳಿಸಿದಿರಿ ಅಣ್ಣಾರೆ. ಹುಡುಗನಿಗೆ ಈಗಲೇ ಫೋನ್ ಮಾಡುತ್ತೇನೆ.

ರೊಟ್ಟಿಮನೆ, ಹುಬ್ಬಳ್ಳಿ

ನಮ್ಮದು ಪಾರದರ್ಶಕ ಪೌಚೇ, ಮೇಲೆ ಸ್ಟಿಕ್ಕರ್ ಹಚ್ಚುತ್ತೇವೆ. ಮನೆಯಲ್ಲೇ ಮುದ್ರಿಸಿಕೊಳ್ಳಲು ಸಣ್ಣ ಪ್ರಿಂಟರ್ ನೋಡುತ್ತಿದ್ದೇವೆ. ರಿಬ್ಬನ್ ಇಲ್ಲದ್ದು ಅಗ್ಗ ಇದೆ. ಸಾಕಾಗುತ್ತದಾ? ಸ್ಟಿಕ್ಕರ್ ಯಾವ ಅಳತೆ ತೆಗೆದುಕೊಳ್ಳಬೇಕು?

ಲೇಬಲ್_ಗೋಕುಲರೋಡ್, ಹುಬ್ಬಳ್ಳಿ

ರಿಬ್ಬನ್ ಇಲ್ಲದ್ದು ಅಂದರೆ ಡೈರೆಕ್ಟ್ ಥರ್ಮಲ್. ಕಾಗದವೇ ಬಿಸಿಗೆ ಕಪ್ಪಾಗುತ್ತದೆ, ಬಿಲ್ಲಿನ ರೋಲಿನ ಹಾಗೆ. ಕೊರಿಯರ್ ಲೇಬಲ್‌ಗೆ, ನಾಲ್ಕು ದಿನದಲ್ಲಿ ಖರ್ಚಾಗುವ ಮಾಲಿಗೆ ಒಳ್ಳೆಯದು. ಶೇಂಗಾ ಚಟ್ನಿಗೆ ನಾನು ಬೇಡ ಅನ್ನುತ್ತೇನೆ. ಎಣ್ಣೆಯ ಕೈ ತಾಗಿದರೆ ಅಕ್ಷರ ಅಳಿಸುತ್ತದೆ. ಬಿಸಿಲಿಗೆ ಇಟ್ಟರೆ ಮಾಸುತ್ತದೆ, ಏಪ್ರಿಲ್‌ನಲ್ಲಿ ಮುಚ್ಚಿದ ಗಾಡಿಯೊಳಗೆ ಬಿಟ್ಟರೆ ಕಾಗದವೇ ಕಪ್ಪಿಡುತ್ತದೆ. ಚಟ್ನಿ ಮೂರು ತಿಂಗಳು ಕಪಾಟಿನಲ್ಲಿ ಕೂರುವ ಮಾಲು.

ರಿಬ್ಬನ್ ಇರುವ ಪ್ರಿಂಟರ್, ಅಂದರೆ ಥರ್ಮಲ್ ಟ್ರಾನ್ಸ್‌ಫರ್, ಸ್ವಲ್ಪ ದುಬಾರಿ ಆದರೂ ಅದನ್ನೇ ನೋಡಿ. ರಿಬ್ಬನ್‌ನಲ್ಲಿ ಮೂರು ಬಗೆ. ವ್ಯಾಕ್ಸ್ ಅಗ್ಗ, ಕಾಗದಕ್ಕೆ ಸಾಕು, ಆದರೆ ಉಗುರಿನಿಂದ ಕೆರೆದರೆ ಬರುತ್ತದೆ. ವ್ಯಾಕ್ಸ್-ರೆಸಿನ್ ನಡುವಿನದು, ನಿಮಗೆ ಇದು ಸರಿ. ಬರೀ ರೆಸಿನ್ ಪ್ಲಾಸ್ಟಿಕ್ ಲೇಬಲ್‌ಗೆ, ರಾಸಾಯನಿಕ ತಾಗುವ ಕಡೆಗೆ. ಕ್ರೋಮೋ, ಅಂದರೆ ನುಣುಪು ಕಾಗದದ ರೋಲ್ ಎಲ್ಲ ಕಡೆ ಸಿಗುತ್ತದೆ. ಎಣ್ಣೆ ಜಾಸ್ತಿ ಅನ್ನಿಸಿದರೆ ಪಿಪಿ ಅನ್ನುವ ಪ್ಲಾಸ್ಟಿಕ್ ಲೇಬಲ್ ಹಾಕಿ.

ಅಳತೆ ಮಾತು ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ. ಇಎಎನ್-13ರ ಪೂರ್ಣ ಅಳತೆ 37.29 ಮಿ.ಮೀ. ಅಗಲ, 25.93 ಮಿ.ಮೀ. ಎತ್ತರ. ಎರಡೂ ಬದಿಯ ಖಾಲಿ ಜಾಗ ಅದರಲ್ಲೇ ಸೇರಿದೆ. ಇದನ್ನು 80 ಪರ್ಸೆಂಟ್‌ಗೆ ಇಳಿಸಬಹುದು, 200ಕ್ಕೆ ಏರಿಸಬಹುದು. ಅಂಗಡಿ ಪಾಕೀಟಿಗೆ 80ಕ್ಕಿಂತ ಕೆಳಗೆ ಹೋಗಬಾರದು. ಪೂರ್ಣ ಅಳತೆಯಲ್ಲಿ ಎಲ್ಲಕ್ಕಿಂತ ತೆಳು ಗೆರೆ 0.33 ಮಿ.ಮೀ. ಇರುತ್ತದೆ.

ಪ್ರಿಂಟರ್ ಚುಕ್ಕೆಯ ಲೆಕ್ಕದಲ್ಲಿ ಮುದ್ರಿಸುತ್ತದೆ. 203 ಡಿಪಿಐ ಅಂದರೆ ಒಂದು ಮಿ.ಮೀ.ಗೆ ಎಂಟು ಚುಕ್ಕೆ, ಒಂದು ಚುಕ್ಕೆ 0.125 ಮಿ.ಮೀ. ಅರ್ಧ ಚುಕ್ಕೆ ಹೊಡೆಯಲು ಬರುವುದಿಲ್ಲ. ಹಾಗಾಗಿ ತೆಳು ಗೆರೆಗೆ ಎರಡು ಚುಕ್ಕೆ ಕೊಟ್ಟರೆ 0.25, ಇದು 80 ಪರ್ಸೆಂಟಿಗಿಂತ ಒಂದು ಕೂದಲು ಕಡಿಮೆ. ಮೂರು ಕೊಟ್ಟರೆ 0.375, ಪೂರ್ಣ ಅಳತೆಗಿಂತ ಸ್ವಲ್ಪ ದೊಡ್ಡದು. ಖಾಲಿ ಜಾಗ ಸೇರಿ ಅಗಲ 42 ಮಿ.ಮೀ. ದಾಟುತ್ತದೆ. 50×25 ಸ್ಟಿಕ್ಕರಿಗೆ ಸರಿಯಾಗಿ ಕೂರುತ್ತದೆ, 38ರ ಸ್ಟಿಕ್ಕರಿಗೆ ಕೂರುವುದಿಲ್ಲ. ಹಾಗಾಗಿ 203 ಪ್ರಿಂಟರ್ ಇದ್ದರೆ 50×25 ತೆಗೆದುಕೊಂಡು ಮೂರು ಚುಕ್ಕೆ ಇಡಿ. ಜಾಗ ಇಲ್ಲ, ಚಿಕ್ಕದೇ ಬೇಕು ಅಂದರೆ 300 ಡಿಪಿಐ ಪ್ರಿಂಟರ್ ತೆಗೆದುಕೊಳ್ಳಿ, ಅದರಲ್ಲಿ ನಾಲ್ಕು ಚುಕ್ಕೆಗೆ ಹತ್ತಿರ ಹತ್ತಿರ ಪೂರ್ಣ ಅಳತೆಯೇ ಬರುತ್ತದೆ. ಚಿತ್ರವನ್ನು ಮೌಸಿನಿಂದ ಎಳೆದು ಹೊಂದಿಸಿದರೆ ಈ ಲೆಕ್ಕ ಎಲ್ಲ ಕೆಟ್ಟಿತು. ಒಂದು ಗೆರೆ ಮೂರು ಚುಕ್ಕೆ, ಪಕ್ಕದ್ದು ನಾಲ್ಕು. ಕಣ್ಣಿಗೆ ಕಾಣುವುದಿಲ್ಲ, ಸ್ಕ್ಯಾನರ್ ಮಾತ್ರ ಕುಂಯ್ ಅನ್ನುವುದಿಲ್ಲ.

ಎತ್ತರ 25ರ ಸ್ಟಿಕ್ಕರಿನಲ್ಲಿ ಪೂರ್ತಿ ಸಿಗುವುದಿಲ್ಲ, ಸ್ವಲ್ಪ ಕತ್ತರಿಸುತ್ತಾರೆ. ಅದು ಅಷ್ಟು ದೊಡ್ಡ ಪಾಪ ಅಲ್ಲ. ಬದಿಯ ಖಾಲಿ ಜಾಗ ಕತ್ತರಿಸುವುದು ಪಾಪ. ಪೂರ್ಣ ಅಳತೆಯಲ್ಲಿ ಎಡಕ್ಕೆ 3.63, ಬಲಕ್ಕೆ 2.31 ಮಿ.ಮೀ. ಖಾಲಿ ಇರಬೇಕು. ಡಿಸೈನ್ ಮಾಡುವವರು ಅಲ್ಲೇ ತಂದು ಸಸ್ಯಾಹಾರದ ಹಸಿರು ಚುಕ್ಕೆ ಇಡುತ್ತಾರೆ, ಮರುಬಳಕೆಯ ಗುರುತು ಇಡುತ್ತಾರೆ. ಆ ಜಾಗ ಸುಮ್ನೆ ಬಿಟ್ಟದ್ದಲ್ಲ, ಗೆರೆ ಎಲ್ಲಿ ಶುರು ಅಂತ ಸ್ಕ್ಯಾನರಿಗೆ ತಿಳಿಯುವುದೇ ಅದರಿಂದ.

ಬೆಟಗೇರಿ_ಪ್ರೆಸ್, ಗದಗ

ಪ್ರೆಸ್ಸಿನವನಾಗಿ ನನ್ನದೂ ಒಂದು ಬೇಡಿಕೆ. ಬಾರ್‌ಕೋಡ್ ಅನ್ನು ವಾಟ್ಸಾಪಿನಲ್ಲಿ ಫೋಟೋ ಮಾಡಿ ಕಳಿಸಬೇಡಿ. ಅದು ಕುಗ್ಗಿ, ಅಂಚು ಮಸುಕಾಗಿ ಬರುತ್ತದೆ. ಪಿಡಿಎಫ್, ಇಪಿಎಸ್ ಅಥವಾ ಎಸ್‌ವಿಜಿ ಕಳಿಸಿ. ಅದೂ ಆಗದಿದ್ದರೆ ಬರೀ 13 ಅಂಕಿ ಬರೆದು ಕಳಿಸಿ, ಕೋರೆಲ್‌ಡ್ರಾದಲ್ಲೇ ಬಾರ್‌ಕೋಡ್ ಮಾಡುವ ಸೌಲಭ್ಯ ಇದೆ, ನಾವೇ ಹಾಕಿಕೊಳ್ಳುತ್ತೇವೆ. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಶಾಯಿ ಹರಡಿ ಗೆರೆ ದಪ್ಪ ಆಗುತ್ತದೆ. ಹಾಗಾಗಿ ಅಲ್ಲಿ 80 ಪರ್ಸೆಂಟ್ ಹಠ ಬೇಡ, ಪೂರ್ಣ ಅಳತೆ ಅಥವಾ ಅದಕ್ಕಿಂತ ದೊಡ್ಡದು ಇಡಿಸಿ.

ಬಾಟಲಿಗೆ ಹಚ್ಚುವವರು ಗೆರೆಗಳನ್ನು ಏಣಿಯ ಮೆಟ್ಟಿಲಿನಂತೆ ಅಡ್ಡ ಇಡಿ. ನಿಂತ ಗೆರೆ ಬಾಟಲಿಯ ಸುತ್ತ ಬಗ್ಗಿ ಹೋಗಿ ಕಡೆಯವು ಕಾಣುವುದೇ ಇಲ್ಲ.

ಸೀರೆ_ಮಗ್ಗ, ಬೆಟಗೇರಿ

ಸೀರೆ ಅಂಗಡಿಗೆ ಯಾವುದು? ನಮ್ಮಲ್ಲಿ ಒಂದರಂತೆ ಒಂದಿಲ್ಲ. ಇಷ್ಟು ವರ್ಷ ಚೀಟಿಯ ಮೇಲೆ ಕೊಂಡ ದರವನ್ನು ಗುಟ್ಟಿನ ಅಕ್ಷರದಲ್ಲಿ ಬರೆಯುತ್ತಿದ್ದೆವು. ಕೆಲಸಕ್ಕೆ ಬಂದ ಹೊಸ ಹುಡುಗರಿಗೆ ಅದನ್ನು ಕಲಿಸುವುದೇ ದೊಡ್ಡ ಕೆಲಸ. ಕಲಿತ ಮೇಲೆ ಗುಟ್ಟು ಗುಟ್ಟಾಗಿ ಉಳಿಯುವುದೂ ಇಲ್ಲ.

ಬಿಲ್ಲಿಂಗ್_ಹುಡುಗ, ಧಾರವಾಡ

ನಿಮ್ಮ ಗಲ್ಲಾ, ನಿಮ್ಮ ನಂಬರ್. ಜಿಎಸ್1 ಬೇಡ. ಕೋಡ್ 128 ಬಳಸಿ, ಅದು ಅಕ್ಷರ, ಅಂಕಿ ಎರಡೂ ಹಿಡಿಸುವ ಇನ್ನೊಂದು ಬಗೆಯ ಗೆರೆ ಬಾರ್‌ಕೋಡ್. ಒಂದೊಂದು ಸೀರೆಗೂ ಒಂದೊಂದು ನಂಬರ್. ಕೊಂಡ ದರ, ನೇಕಾರ, ತಂದ ದಿನ ಎಲ್ಲ ಕಂಪ್ಯೂಟರಿನಲ್ಲಿ ಇರಲಿ. ಚೀಟಿ ನೋಡಿದವರಿಗೆ ಏನೂ ತಿಳಿಯುವುದಿಲ್ಲ.

ಸಾಧ್ಯ ಆದಷ್ಟು ಬರೀ ಅಂಕಿ ಇಡಿ, ಅದೂ ಜೋಡಿ ಸಂಖ್ಯೆಯಲ್ಲಿ. ಕೋಡ್ 128 ಎರಡು ಅಂಕಿಯನ್ನು ಒಂದೇ ಗುರುತಿನಲ್ಲಿ ಮಡಚುತ್ತದೆ. 8 ಅಕ್ಷರಕ್ಕೆ ತೆಳು ಗೆರೆಯ 123 ಪಟ್ಟು ಅಗಲ ಬೇಕಾದರೆ, 8 ಅಂಕಿಗೆ 79 ಪಟ್ಟು ಸಾಕು. ಸಣ್ಣ ಚೀಟಿಯಲ್ಲಿ ಇದು ದೊಡ್ಡ ವ್ಯತ್ಯಾಸ. ನಂಬರಿನಲ್ಲೇ ಬಣ್ಣ, ಬೆಲೆ, ವರ್ಷ ತುರುಕುವ ಆಸೆ ಎಲ್ಲರಿಗೂ ಬರುತ್ತದೆ. ಬಿಟ್ಟುಬಿಡಿ, 1ರಿಂದ ಎಣಿಸುತ್ತಾ ಹೋಗಿ. ಮತ್ತೆ ಸ್ಟಿಕ್ಕರನ್ನು ಸೀರೆಗೆ ನೇರ ಹಚ್ಚಬೇಡಿ, ಅಂಟಿನ ಕಲೆ ರೇಷ್ಮೆಯಿಂದ ಹೋಗುವುದಿಲ್ಲ. ಕಾರ್ಡಿಗೆ ಹಚ್ಚಿ ದಾರದಲ್ಲಿ ಕಟ್ಟಿ.

ಸ್ಪೇರ್ಸ್_ಹಾವೇರಿ

ನಾನು ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯವನು. ಬಾರ್‌ಕೋಡ್ ಹಾಕಿದರೆ ಸ್ಟಾಕ್ ತಾನಾಗಿ ಸರಿ ಆಗುತ್ತದೆ ಅಂತ ನಂಬಬೇಡಿ. ಬಂದ ಮಾಲನ್ನು ಬಂದ ದಿನವೇ ಏರಿಸಬೇಕು, ಉದ್ರಿ ಹೋದದ್ದನ್ನೂ ಸ್ಕ್ಯಾನ್ ಮಾಡಿಯೇ ಕೊಡಬೇಕು. ಈ ಶಿಸ್ತು ಇಲ್ಲದ ಕಡೆ ಬಾರ್‌ಕೋಡ್ ಬರೀ ಅಲಂಕಾರ. ನಾನು ಬೇರಿಂಗ್, ನಟ್ಟು-ಬೋಲ್ಟಿಗೆಲ್ಲ ಚೀಟಿ ಹಚ್ಚುವುದಿಲ್ಲ. ಗ್ರೀಸ್ ಕೈಗೆ ಯಾವ ಅಂಟೂ ನಿಲ್ಲುವುದಿಲ್ಲ. ಕಪಾಟಿನ ಖಾನೆಗೆ ಒಂದು ಚೀಟಿ. ಮಾಲು ತೆಗೆಯುವಾಗ ಖಾನೆ ಸ್ಕ್ಯಾನ್ ಮಾಡಿ ಎಷ್ಟು ಅಂತ ಒತ್ತುತ್ತೇವೆ. ವರ್ಷದ ದಾಸ್ತಾನು ಎಣಿಕೆಯೂ ಖಾನೆಯಿಂದ ಖಾನೆಗೆ ಸಾಗುತ್ತದೆ.

ಒಂದು ವಿಚಿತ್ರ ಕೇಳಿ. ಕೆಲವು ಸಲ ನಮ್ಮ ಸ್ಕ್ಯಾನರ್ ಓದಿದ್ದು ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರವಾಗಿ ಬೀಳುತ್ತದೆ! ಅರ್ಥವಿಲ್ಲದ ಒತ್ತಕ್ಷರಗಳು. ಸ್ಕ್ಯಾನರ್ ಕೆಟ್ಟಿದೆಯಾ?

ಬಿಲ್ಲಿಂಗ್_ಹುಡುಗ, ಧಾರವಾಡ

ಕೆಟ್ಟಿಲ್ಲ ಅಣ್ಣಾ. ಯುಎಸ್‌ಬಿ ಸ್ಕ್ಯಾನರ್ ಕಂಪ್ಯೂಟರಿನ ಲೆಕ್ಕದಲ್ಲಿ ಒಂದು ಕೀಬೋರ್ಡ್. ಓದಿದ್ದನ್ನು ಟೈಪ್ ಮಾಡಿ ಎಂಟರ್ ಒತ್ತುತ್ತದೆ. ನೀವು ಪತ್ರ ಬರೆಯಲು ಕನ್ನಡ ಕೀಲಿಮಣೆ ಹಾಕಿ ಹಾಗೇ ಬಿಟ್ಟಿದ್ದರೆ ಇಂಗ್ಲಿಷ್ ಅಕ್ಷರ ಇರುವ ಕೋಡೆಲ್ಲ ಕನ್ನಡವಾಗುತ್ತದೆ. ಬಿಲ್ ಮಾಡುವ ಮೊದಲು ಇಂಗ್ಲಿಷಿಗೆ ಬದಲಿಸಿ. ಕ್ಯಾಪ್ಸ್ ಲಾಕ್ ಒತ್ತಿದ್ದರೂ ದೊಡ್ಡಕ್ಷರ ಸಣ್ಣಕ್ಷರ ಅದಲುಬದಲಾಗುತ್ತದೆ. ಬರೀ ಅಂಕಿ ಇಡಿ ಅಂತ ನಾನು ಬಡಿದುಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಪುಕ್ಕಟೆ ಸಾಫ್ಟ್‌ವೇರ್ ಕೇಳುವವರಿಗೆ: ಜಿಂಟ್ ಇದೆ, ಇಂಕ್‌ಸ್ಕೇಪ್ ಒಳಗೇ ಬಾರ್‌ಕೋಡ್ ಮಾಡುವ ಸೌಲಭ್ಯ ಇದೆ. ಬಾರ್‌ಕೋಡ್ ಫಾಂಟ್ ಹಾಕಿ ವರ್ಡ್‌ನಲ್ಲಿ ಟೈಪ್ ಮಾಡುವುದು ಕೋಡ್ 39 ಅನ್ನುವ ಮತ್ತೊಂದು ಬಗೆಗೆ ನಡೆಯುತ್ತದೆ, ಎರಡೂ ಬದಿ ನಕ್ಷತ್ರ ಚಿಹ್ನೆ ಇಟ್ಟರೆ ಸಾಕು. ಕೋಡ್ 128ಕ್ಕೆ ಹಾಗೆ ನಡೆಯುವುದಿಲ್ಲ, ಅದಕ್ಕೆ ತಾಳೆ ಗುರುತು ಲೆಕ್ಕ ಹಾಕಿ ಸೇರಿಸಬೇಕು.

ಪುಸ್ತಕಪ್ರೇಮಿ, ಧಾರವಾಡ

ಪುಸ್ತಕ ಪ್ರಕಟಿಸುವವರು ಇದ್ದರೆ: ನಿಮಗೆ ಈ ಶುಲ್ಕದ ತಲೆನೋವೇ ಇಲ್ಲ. ಐಎಸ್‌ಬಿಎನ್ ನಂಬರನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಪುಕ್ಕಟೆ ಕೊಡುತ್ತದೆ. 2007ರಿಂದ ಅದು 13 ಅಂಕಿಯದು, 978ರಿಂದ ಶುರು. ಅದೇ ನೇರ ಇಎಎನ್-13 ಆಗುತ್ತದೆ. ಅಂದಹಾಗೆ ಅಂಗಡಿಯ ಗಲ್ಲಾದಲ್ಲಿ ಈಗಿನ ಪದ್ಧತಿಯ ಬಾರ್‌ಕೋಡ್ ಮೊದಲು ಸ್ಕ್ಯಾನ್ ಆದದ್ದು ಅಮೆರಿಕದ ಒಹಾಯೋದಲ್ಲಿ, 1974ರ ಜೂನ್ 26ರಂದು. ಮಾಲು ಏನು ಗೊತ್ತಾ? ಚೂಯಿಂಗ್ ಗಮ್ ಪೊಟ್ಟಣ!

ಸುಮ್ನೆ_ಓದುವವ

ನಮ್ಮಲ್ಲಿ ಅಂಗಡಿಯವರು ಚಿಲ್ಲರೆ ಬದಲು ಕೊಡುವುದೂ ಅದನ್ನೇ. 😄 ಇನ್ನೊಂದು ಪ್ರಶ್ನೆ, ಮುಂದೆ ಎಲ್ಲ ಕ್ಯೂಆರ್ ಆಗುತ್ತದೆ ಅಂತಾರೆ. ಅಕ್ಕಾರು ಈಗ ಗೆರೆ ಬಾರ್‌ಕೋಡಿಗೆ ಖರ್ಚು ಮಾಡಿದರೆ ವ್ಯರ್ಥ ಅಲ್ವಾ?

ಲೇಬಲ್_ಗೋಕುಲರೋಡ್, ಹುಬ್ಬಳ್ಳಿ

ವ್ಯರ್ಥ ಅಲ್ಲ. 2027ರ ಕೊನೆಯ ಹೊತ್ತಿಗೆ ಅಂಗಡಿ ಗಲ್ಲಾಗಳು ಗೆರೆ ಬಾರ್‌ಕೋಡಿನ ಜೊತೆ ಕ್ಯೂಆರ್‌ನಂಥ ಚೌಕದ ಕೋಡನ್ನೂ ಓದುವಂತೆ ಆಗಬೇಕು ಅನ್ನುವುದು ಜಿಎಸ್1ನ ಗುರಿ. ಚೌಕದ ಕೋಡಿನಲ್ಲಿ ಬ್ಯಾಚ್, ಅವಧಿ ಮುಗಿಯುವ ದಿನ ಕೂಡ ತುಂಬಬಹುದು, ಗೆರೆಯ ಇಎಎನ್-13ರಲ್ಲಿ ಅದಕ್ಕೆ ಜಾಗ ಇಲ್ಲ. ಆದರೆ ಚೌಕದೊಳಗೆ ಹೋಗುವುದೂ ಇದೇ ನಂಬರ್. ನಂಬರ್ ನಿಮ್ಮದಾಗಿದ್ದರೆ ಚಿತ್ರ ಯಾವಾಗ ಬೇಕಾದರೂ ಬದಲಿಸಬಹುದು. ಮತ್ತೆ ಅಕ್ಕಾರೆ, ಯುಪಿಐ ಕ್ಯೂಆರ್ ಪಾಕೀಟಿನ ಮೇಲೆ ಹಾಕುವ ಯೋಚನೆ ಇದ್ದರೆ ಬಿಡಿ. ಗಲ್ಲಾದ ಹುಡುಗ ಯಾವುದನ್ನು ಸ್ಕ್ಯಾನ್ ಮಾಡಬೇಕು ಅಂತ ತಿಳಿಯದೆ ಒದ್ದಾಡುತ್ತಾನೆ.

ರೊಟ್ಟಿಮನೆ, ಹುಬ್ಬಳ್ಳಿ

ಎಲ್ಲರಿಗೂ ಭಾಳ ಉಪಕಾರ ಆಯಿತು. ಜಿಎಸ್1 ಅರ್ಜಿ ಹಾಕುತ್ತೇವೆ, 100 ನಂಬರಿನ ಕಟ್ಟು. ರಿಬ್ಬನ್ ಪ್ರಿಂಟರ್, 50×25 ರೋಲ್. ಇನ್ನು ಕೊನೆಯ ಪ್ರಶ್ನೆ. ಸೂಪರ್‌ಮಾರ್ಕೆಟ್‌ನವರು 24 ಪಾಕೀಟಿನ ರಟ್ಟಿನ ಡಬ್ಬಿಗೂ ಬೇರೆ ಬಾರ್‌ಕೋಡ್ ಕೇಳುತ್ತಿದ್ದಾರೆ. ಅದಕ್ಕೆ ಒಳಗಿನ ಪಾಕೀಟಿನ ನಂಬರ್ ನಡೆಯುತ್ತದಾ?

ಬಿಲ್ಲಿಂಗ್_ಹುಡುಗ, ಧಾರವಾಡ

ಅದೇ ನಂಬರ್ ಹಾಕಿದರೆ ಡಬ್ಬಿ ಸ್ಕ್ಯಾನ್ ಮಾಡಿದಾಗ ಒಂದೇ ಪಾಕೀಟು ಬಂತು ಅಂತ ಲೆಕ್ಕ ಆಗುತ್ತದೆ, 23ಕ್ಕೆ ನಾಮ. ಡಬ್ಬಿಗೆ ಐಟಿಎಫ್-14 ಅಂತ ಇದೆ, 14 ಅಂಕಿ. ಹೊಸ ನಂಬರ್ ಖರ್ಚಾಗುವುದಿಲ್ಲ. ಪಾಕೀಟಿನ ನಂಬರಿನ ತಾಳೆ ಅಂಕಿ ತೆಗೆದು, ಮುಂದೆ 1 ಸೇರಿಸಿ, ತಾಳೆ ಅಂಕಿ ಮತ್ತೆ ಲೆಕ್ಕ ಹಾಕಿ. 14 ಅಂಕಿಯಲ್ಲಿ ಮೂರು ಪಟ್ಟು ಮಾಡುವುದು ಎಡದಿಂದ ಮೊದಲನೆಯದು, ಮೂರನೆಯದು, ಹೀಗೆ. ಮೇಲಿನ ಉದಾಹರಣೆಯ 8901234567890 ಡಬ್ಬಿಗೆ 18901234567897 ಆಗುತ್ತದೆ. 48ರ ಡಬ್ಬಿಯೂ ಇದ್ದರೆ ಮುಂದೆ 2 ಇಡಿ.

ಲೇಬಲ್_ಗೋಕುಲರೋಡ್, ಹುಬ್ಬಳ್ಳಿ

ರಟ್ಟಿನ ಮೇಲೆ ನೇರ ಅಚ್ಚು ಹಾಕಿಸುವುದಾದರೆ ದೊಡ್ಡದಾಗಿ ಹಾಕಿಸಿ, ಕಂದು ರಟ್ಟಿನಲ್ಲಿ ಶಾಯಿ ಹರಡುತ್ತದೆ. ಗೆರೆಗಳ ಸುತ್ತ ದಪ್ಪ ಕಪ್ಪು ಚೌಕಟ್ಟು ಬರುತ್ತದೆ, ಅದು ಐಟಿಎಫ್‌ಗೆ ಇರಬೇಕಾದದ್ದೇ, ಚೆಂದಕ್ಕೆ ಅಂತ ತೆಗೆಸಬೇಡಿ. ಮೊದಲ ರೋಲ್ ಮುದ್ರಿಸಿದ ಮೇಲೆ ಖಾಲಿ ಸ್ಟಿಕ್ಕರ್ ಅಲ್ಲ, ಚಟ್ನಿ ತುಂಬಿದ ಪಾಕೀಟಿಗೇ ಹಚ್ಚಿ ಆ ಸೂಪರ್‌ಮಾರ್ಕೆಟ್‌ನ ಗಲ್ಲಾಕ್ಕೆ ಒಯ್ದು ಸ್ಕ್ಯಾನ್ ಮಾಡಿಸಿ. ತುಂಬಿದ ಪೌಚ್ ಉಬ್ಬಿ ಸುಕ್ಕಾಗುತ್ತದೆ. ಸೀಲಿನ ಹತ್ತಿರ, ಜಿಪ್ಪಿನ ಹತ್ತಿರ ಬೇಡ, ಹಿಂಬದಿ ಕೆಳಗೆ ಸಪಾಟಾಗಿರುವ ಕಡೆ ಹಚ್ಚಿ. ಫೋನಿನ ಆ್ಯಪ್ ಓದಿತು ಅಂತ ಸಾವಿರಗಟ್ಟಲೆ ಮುದ್ರಿಸಬೇಡಿ, ಫೋನಿನ ಕ್ಯಾಮೆರಾ ಗಲ್ಲಾದ ಸ್ಕ್ಯಾನರಿಗಿಂತ ಎಷ್ಟೋ ಸಲ ಜಾಸ್ತಿ ಉದಾರಿ.